ಹಳೆಯ ಕಟ್ಟಡಗಳ ಜೀರ್ಣೋದ್ಧಾರ: ವಿದ್ಯುತ್ತಿನ ಉಳಿತಾಯವೂ ಕೈಗಳಿಗೆ ಕೆಲಸವೂ

ನಮ್ಮ ನಾಡಿನ ಹಳೆಯ ಶಿಲಾಶಾಸನಗಳನ್ನು ಓದುವ ಅಭ್ಯಾಸವುಳ್ಳವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಅಪರಿಚಿತವಲ್ಲ. ದೇವಾಲಯಕ್ಕೋ ಬಸದಿಗೋ ಭೂಮಿಯನ್ನು ದತ್ತಿಯಾಗಿ ಬಿಡುವಾಗ ನೈವೇದ್ಯ, ನಂದಾದೀಪ, ಆಹಾರದಾನ, ವಿದ್ಯಾದಾನ ಇವುಗಳ ಜೊತೆಯಲ್ಲಿಯೇ, ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವ ವೆಚ್ಚಕ್ಕಾಗಿಯೂ ದಾನಿಗಳು ಆದಾಯವನ್ನು ಗೊತ್ತುಮಾಡುತ್ತಿದ್ದರು. ಕಟ್ಟಿದ ಕಟ್ಟಡವು ಕಾಲಕ್ರಮದಲ್ಲಿ ಶಿಥಿಲವಾಗತಕ್ಕದ್ದೇ ಎಂಬುದನ್ನು ಅವರು ಕಟ್ಟುವ ದಿನವೇ ಮನಗಂಡಿದ್ದರು. ಸೋಲಾಪುರ, ಅಕ್ಕಲಕೋಟೆಗಳ ಸೀಮೆಯಲ್ಲಿಯೂ ಕನ್ನಡ ಶಾಸನಗಳು ದೊರೆತಿವೆ. ಆದುದರಿಂದ ಈ ಮಾತು ನಮ್ಮ ನೆಲಕ್ಕೆ ಹೊಸತೇನೂ ಅಲ್ಲ.

ಇಂದಿನ ಕಟ್ಟಡಗಳಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಬಗೆಯ ಬಿರುಕುಂಟು. ಗೋಡೆ ನೆಟ್ಟಗಿರುತ್ತದೆ, ಛಾವಣಿ ಸೋರುವುದಿಲ್ಲ, ಬಣ್ಣ ಮಾಸಿರುವುದಿಲ್ಲ. ಆದರೂ ಆ ಕಟ್ಟಡಕ್ಕೆ ಕೊಟ್ಟ ವಿದ್ಯುಚ್ಛಕ್ತಿಯ ದೊಡ್ಡ ಪಾಲು ಯಾರ ಉಪಯೋಗಕ್ಕೂ ಬಾರದೆ ಹೋಗುತ್ತಿರುತ್ತದೆ. ಚಳಿಯ ದೇಶದಲ್ಲಿ ಒಳಗೆ ಕಾಯಿಸಿದ ಶಾಖವು ಕಿಟಕಿಯ ಸಂದಿಯಿಂದ ಹೊರಗೆ ಹರಿಯುತ್ತದೆ. ಸೆಖೆಯ ದೇಶದಲ್ಲಿ ಹೊರಗಿನ ಬಿಸಿಲು ಛಾವಣಿಯ ಮೂಲಕ ಒಳಕ್ಕಿಳಿಯುತ್ತದೆ. ಅದನ್ನು ಓಡಿಸಲೆಂದು ಪಂಖವೋ ತಂಪುಯಂತ್ರವೋ ಹಗಲೆಲ್ಲ ತಿರುಗುತ್ತದೆ. ಈ ಸೋರಿಕೆಯನ್ನು ತಡೆಯುವ ದುರಸ್ತಿಯೇ ಇಂದಿನ ಪಾಠದ ವಿಷಯ.

ಉಳಿತಾಯವೆಂದೊಡನೆ ಆಳುಗಳನ್ನು ಕಡಮೆ ಮಾಡುವುದೆಂದು ನಾವು ಭಾವಿಸುವುದು ವಾಡಿಕೆ. ಗಿರಣಿಯ ಯಜಮಾನನು ಉಳಿತಾಯದ ಮಾತೆತ್ತಿದನೆಂದರೆ ಕೆಲಸಗಾರನ ಎದೆ ನಡುಗುತ್ತದೆ. ಹಲವು ಗಿರಣಿಗಳು ಮುಚ್ಚಿಹೋದ ಸೋಲಾಪುರದ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಟ್ಟಡಗಳ ಶಕ್ತಿ ಉಳಿತಾಯದಲ್ಲಿ ಮಾತ್ರ ಈ ಲೆಕ್ಕ ತಿರುಗುಮುರುಗು. ಇಲ್ಲಿ ಉಳಿತಾಯವಾಗಬೇಕಾದರೆ ಮೊದಲು ಕೈಗಳು ಬೇಕು. ಹೀಗೇಕೆಂಬುದನ್ನು ಲೋಕಪ್ರಸಿದ್ಧವಾದ ಒಂದು ಕಟ್ಟಡದ ದೃಷ್ಟಾಂತದಿಂದ ನೋಡೋಣ.

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿರುವ ಎಂಪೈರ್ ಸ್ಟೇಟ್ ಕಟ್ಟಡವು ೧೯೩೧ನೆಯ ಮೇ ೧ರಂದು ಬಾಗಿಲು ತೆರೆಯಿತು. ೧೦೨ ಅಂತಸ್ತುಗಳು; ೬,೫೧೪ ಕಿಟಕಿಗಳು. ಬಹುಕಾಲ ಇದು ಜಗತ್ತಿನಲ್ಲಿಯೇ ಅತ್ಯಂತ ಎತ್ತರದ ಕಟ್ಟಡವಾಗಿತ್ತು. ಎಪ್ಪತ್ತೈದು ವರ್ಷ ಮೀರುವ ಹೊತ್ತಿಗೆ ಅದಕ್ಕೂ ಮುಪ್ಪಡರಿತು. ಮಾಲೀಕರು ಕೋಟ್ಯಂತರ ಡಾಲರುಗಳ ದುರಸ್ತಿಯನ್ನು ಕೈಗೊಂಡರು. ಅದರಲ್ಲಿ ಯಂತ್ರ, ಕಿಟಕಿ, ಗಾಳಿಯಾಟ ಮುಂತಾಗಿ ಶಕ್ತಿಗೆ ಸಂಬಂಧಪಟ್ಟ ಕೆಲಸಗಳಿಗೇ ೯ ಕೋಟಿ ೩೦ ಲಕ್ಷ ಡಾಲರುಗಳನ್ನು ಮೊದಲೇ ಎತ್ತಿಟ್ಟಿದ್ದರು. ಆಗ ಕ್ಲಿಂಟನ್ ಪ್ರತಿಷ್ಠಾನದವರ ಪ್ರೇರಣೆಯಿಂದ ರಾಕಿ ಮೌಂಟನ್ ಇನ್‌ಸ್ಟಿಟ್ಯೂಟ್, ಜಾನ್ಸನ್ ಕಂಟ್ರೋಲ್ಸ್, ಜೋನ್ಸ್ ಲ್ಯಾಂಗ್ ಲಸಾಲ್ ಎಂಬ ಸಂಸ್ಥೆಗಳು ಒಟ್ಟುಗೂಡಿ ಒಂದು ಪ್ರಶ್ನೆಯನ್ನು ಮುಂದಿಟ್ಟವು: ಹೇಗೂ ಖರ್ಚಾಗಲಿರುವ ಈ ಹಣಕ್ಕೆ ಇನ್ನೆಷ್ಟನ್ನು ಸೇರಿಸಿದರೆ ಕಟ್ಟಡವು ನುಂಗುವ ಶಕ್ತಿ ಗಣನೀಯವಾಗಿ ತಗ್ಗೀತು? ಅರುವತ್ತಕ್ಕೂ ಹೆಚ್ಚು ಉಪಾಯಗಳನ್ನು ತೂಗಿನೋಡಿ ಕೊನೆಗೆ ಎಂಟನ್ನು ಆರಿಸಿದರು. ಹೆಚ್ಚಿನ ವೆಚ್ಚ ೧ ಕೋಟಿ ೩೨ ಲಕ್ಷ ಡಾಲರು. ವರ್ಷಕ್ಕೆ ಆಗಬಹುದಾದ ಉಳಿತಾಯ ೪೪ ಲಕ್ಷ ಡಾಲರು. ಶಕ್ತಿಯ ಬಳಕೆಯಲ್ಲಿ ಶೇಕಡ ೩೮ರಷ್ಟು ಇಳಿತ. ೨೦೦೯ನೆಯ ಏಪ್ರಿಲಿನಲ್ಲಿ ಈ ಯೋಜನೆ ಪ್ರಕಟವಾಯಿತು. ಭಾಗಾಕಾರ ಬಲ್ಲ ಬಾಲಕನೂ ಹೇಳಬಲ್ಲನು, ಹಾಕಿದ ಹೆಚ್ಚಿನ ಹಣ ಮೂರು ವರ್ಷಗಳಲ್ಲಿ ಕೈಸೇರುತ್ತದೆ.

ಈ ಎಂಟರಲ್ಲಿ ನಮ್ಮ ಮನಸ್ಸನ್ನು ಸೆಳೆದುದು ಕಿಟಕಿಗಳ ಕೆಲಸ. ಒಂದೊಂದು ಕಿಟಕಿಗೂ ಮೇಲೊಂದು ಕೆಳಗೊಂದು ಎರಡು ಚೌಕಟ್ಟು, ಒಂದೊಂದು ಚೌಕಟ್ಟಿಗೂ ಎರಡು ಪದರ ಗಾಜು. ಅಂದರೆ ಒಟ್ಟು ೨೬,೦೦೦ಕ್ಕೂ ಮಿಗಿಲಾದ ಗಾಜಿನ ಹಲಗೆಗಳು. ಇವನ್ನೆಲ್ಲ ಕಿತ್ತೆಸೆದು ಹೊಸವನ್ನು ತರಿಸುವುದು ಸುಲಭದ ದಾರಿ. ಅವರು ಹಾಗೆ ಮಾಡಲಿಲ್ಲ. ಕಟ್ಟಡದ ಐದನೆಯ ಅಂತಸ್ತಿನಲ್ಲಿಯೇ ಒಂದು ಕಾರ್ಖಾನೆಯನ್ನು ಹೂಡಿದರು. ಕಿಟಕಿಗಳನ್ನು ಬಿಚ್ಚಿ ಕೆಳಗಿಳಿಸಿ, ಗಾಜಿನ ಎರಡು ಪದರಗಳನ್ನು ಬೇರ್ಪಡಿಸಿ ತೊಳೆದು, ನಡುವೆ ಅತಿ ತೆಳುವಾದ ಪಾರದರ್ಶಕ ಪೊರೆಯೊಂದನ್ನು ಬಿಗಿದು, ಸಂದಿಯಲ್ಲಿ ಆರ್ಗಾನ್ ಮತ್ತು ಕ್ರಿಪ್ಟಾನ್ ಅನಿಲಗಳನ್ನು ತುಂಬಿ, ಅಂಚು ಮುಚ್ಚಿ, ಪುನಃ ಅದೇ ಸ್ಥಾನದಲ್ಲಿ ಕೂರಿಸಿದರು. ಹಳೆಯ ಗಾಜು ಮತ್ತು ಚೌಕಟ್ಟಿನಲ್ಲಿ ಶೇಕಡ ೯೬ರಷ್ಟು ಮರುಬಳಕೆಯಾಯಿತು. ಕಿಟಕಿಯು ಉಷ್ಣವನ್ನು ತಡೆಯುವ ಶಕ್ತಿ ಸುಮಾರು ಮೂರು ಮಡಿಯಾಯಿತು.

ಇದರ ಕಾರಣವನ್ನು ಒಂಬತ್ತು ಹತ್ತನೆಯ ತರಗತಿಯ ವಿದ್ಯಾರ್ಥಿಗಳು ತಮ್ಮ ಭೌತಶಾಸ್ತ್ರದ ಪಾಠದಿಂದಲೇ ಊಹಿಸಬಹುದು. ಉಷ್ಣವು ಮೂರು ಬಗೆಯಿಂದ ಸಾಗುತ್ತದೆ: ವಹನ, ಸಂವಹನ, ವಿಕಿರಣ. ಆರ್ಗಾನ್, ಕ್ರಿಪ್ಟಾನ್‌ಗಳು ಗಾಳಿಗಿಂತ ಭಾರವಾದ, ಉಷ್ಣವನ್ನು ಗಾಳಿಗಿಂತಲೂ ಮೆಲ್ಲನೆ ಸಾಗಿಸುವ ಅನಿಲಗಳು. ಆದುದರಿಂದ ವಹನ ತಗ್ಗಿತು. ನಡುವಣ ಪೊರೆಯು ಒಂದು ಸಂದಿಯನ್ನು ಎರಡಾಗಿ ಸೀಳಿದುದರಿಂದ ಅನಿಲದ ಸುತ್ತಾಟಕ್ಕೆ ಎಡೆ ಸಾಲದೆ ಸಂವಹನವೂ ತಗ್ಗಿತು. ಪೊರೆಗೆ ಬಳಿದಿರುವ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪವು ಬೆಳಕನ್ನು ಬಿಟ್ಟು ಶಾಖದ ಕಿರಣಗಳನ್ನು ಹಿಂದಕ್ಕೆ ತಿರುಗಿಸುವುದರಿಂದ ವಿಕಿರಣವೂ ತಗ್ಗಿತು. ಮೂರು ಬಾಗಿಲುಗಳಿಗೂ ಒಂದೇ ಕಾಲಕ್ಕೆ ಅಗಳಿ ಹಾಕಿದಂತಾಯಿತು.

ಇನ್ನೊಂದು ಕೆಲಸ ಇದಕ್ಕಿಂತ ಸರಳ. ನ್ಯೂಯಾರ್ಕಿನಲ್ಲಿ ಹಿಮ ಬೀಳುವ ತಿಂಗಳುಗಳಲ್ಲಿ ಕೊಠಡಿಗಳನ್ನು ಬೆಚ್ಚಗಿಡಲು ಕಿಟಕಿಯ ಕೆಳಗಿರುವ ಲೋಹದ ಕೊಳವೆಗಳಲ್ಲಿ ಉಗಿಯನ್ನು ಹಾಯಿಸುತ್ತಾರೆ. ಆ ಕೊಳವೆಯ ಶಾಖವು ಕೊಠಡಿಗೆ ಬರುವಂತೆಯೇ ಹಿಂದಿನ ಗೋಡೆಗೂ ಹೋಗಿ ಬೀದಿಗೆ ಸೇರುತ್ತಿತ್ತು. ಪ್ರತಿಯೊಂದರ ಹಿಂದೆಯೂ ಹೊಳಪಿನ ಮುಖವುಳ್ಳ ಒಂದು ತಡೆಹಾಳೆಯನ್ನು ತೂರಿಸಿದರು. ಅಷ್ಟೆ! ಇದಕ್ಕೆ ಮಹಾಯಂತ್ರ ಬೇಕಾಗಲಿಲ್ಲ. ಆರು ಸಾವಿರಕ್ಕೂ ಹೆಚ್ಚು ಕಡೆ ಮೊಣಕಾಲೂರಿ ಕೂತು ಕೆಲಸ ಮಾಡುವ ಆಳುಗಳು ಬೇಕಾದರು.

ಇಲ್ಲಿ ಕ್ರಮದ ಮಹತ್ತ್ವವನ್ನು ವಾಚಕರು ಗಮನಿಸಬೇಕು. ಬೇಸಗೆಯಲ್ಲಿ ಕಟ್ಟಡವನ್ನು ತಂಪಾಗಿಡುವ ಬೃಹದ್ಯಂತ್ರಗಳನ್ನು ಬದಲಿಸುವುದು ಮೊದಲ ಯೋಜನೆಯಲ್ಲಿತ್ತು. ಕಿಟಕಿ, ದೀಪ, ಗಾಳಿಯಾಟಗಳನ್ನು ಮೊದಲು ಸರಿಪಡಿಸಿದರೆ ಆ ಯಂತ್ರಗಳ ಮೇಲಿನ ಹೊರೆ ಸುಮಾರು ೧,೬೦೦ ಟನ್ನುಗಳಷ್ಟು ತಗ್ಗುವುದೆಂದು ಲೆಕ್ಕದಿಂದ ಕಂಡುಬಂತು. (ಇಲ್ಲಿ ಟನ್ ಎಂಬುದು ತೂಕವಲ್ಲ, ತಂಪು ಮಾಡುವ ಸಾಮರ್ಥ್ಯದ ಅಳತೆ.) ಹೊರೆ ತಗ್ಗಿದ ಮೇಲೆ ಹೊಸ ಯಂತ್ರವೇಕೆ? ಇದ್ದುದನ್ನೇ ದುರಸ್ತಿಮಾಡಿಕೊಂಡರು. ಇದರಿಂದ ಉಳಿದ ಬಂಡವಾಳ ೧ ಕೋಟಿ ೭೦ ಲಕ್ಷ ಡಾಲರಿಗೂ ಮಿಗಿಲು. ಮೊದಲು ಯಂತ್ರವನ್ನು ಕೊಂಡು ಆಮೇಲೆ ಕಿಟಕಿಯ ಕಡೆ ನೋಡಿದ್ದರೆ ಈ ಹಣವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತಿತ್ತು.

ಉಳಿತಾಯ ನಿಜವಾಗಿ ಬಂತೆ? ಜಾನ್ಸನ್ ಕಂಟ್ರೋಲ್ಸಿನವರು ತಾವು ಮಾಡಿದ ಕೆಲಸದ ಉಳಿತಾಯಕ್ಕೆ ಹೊಣೆ ಬರೆದುಕೊಟ್ಟಿದ್ದರು. ಹೇಳಿದಷ್ಟು ಉಳಿಯದಿದ್ದರೆ ಅವರೇ ತುಂಬಿಕೊಡಬೇಕೆಂಬ ಕರಾರು. ೨೦೧೧ರಲ್ಲಿ, ಮೊದಲನೆಯ ವರ್ಷದ ಲೆಕ್ಕದಲ್ಲಿ, ಉಳಿತಾಯ ೨೪ ಲಕ್ಷ ಡಾಲರಾಗಿ ಹೊಣೆಯ ಮೊತ್ತಕ್ಕಿಂತ ಶೇಕಡ ಐದರಷ್ಟು ಹೆಚ್ಚಾಯಿತು. ಉಳಿದ ಭಾಗ ಬಾಡಿಗೆದಾರರ ಕಛೇರಿಗಳೊಳಗೆ ಅಡಗಿತ್ತು. ಅವರು ತಮ್ಮ ತಮ್ಮ ಕೊಠಡಿಗಳ ದೀಪವ್ಯವಸ್ಥೆಯನ್ನು ಬದಲಿಸಿದಂತೆಲ್ಲ ಅದು ಒದಗತಕ್ಕದ್ದಾಗಿತ್ತು.

ಬಾಡಿಗೆದಾರರ ಪ್ರಶ್ನೆ ಸ್ವಲ್ಪ ತೊಡಕಿನದು. ಮನೆ ಒಬ್ಬರದು, ವಿದ್ಯುತ್ತಿನ ಬಿಲ್ಲು ಇನ್ನೊಬ್ಬರದು ಎಂದಾದಲ್ಲಿ ದುರಸ್ತಿಯ ಹಣವನ್ನು ಯಾರು ಹಾಕಬೇಕು? ಮಾಲೀಕನು ಹಾಕಿದರೆ ಲಾಭ ಬಾಡಿಗೆದಾರನಿಗೆ. ಬಾಡಿಗೆದಾರನು ಹಾಕಿದರೆ, ನಾಳೆ ಮನೆ ಬಿಟ್ಟುಹೋಗುವಾಗ ಕಿಟಕಿಯನ್ನು ಹೊತ್ತುಕೊಂಡು ಹೋಗಲಾದೀತೆ? ಎಲ್ಲ ದೇಶಗಳಲ್ಲಿಯೂ ಈ ಕೆಲಸಕ್ಕೆ ಅಡ್ಡ ನಿಂತಿರುವುದು ವಿಜ್ಞಾನದ ಕೊರತೆಗಿಂತ ಹೆಚ್ಚಾಗಿ ಈ ಸಾಮಾನ್ಯ ಗಾದೆಯ ಸಂಗತಿಯೇ—ಊರ ಹಸುವಿಗೆ ಮೇವು ಹಾಕುವವರಾರು ಎಂಬಂಥದು.

ಇನ್ನು ಉದ್ಯೋಗದ ವಿಚಾರ. ವಿದ್ಯುತ್ತಿನ ಬಿಲ್ಲಿಗೆ ಕೊಟ್ಟ ರೂಪಾಯಿ ಎಲ್ಲಿಗೆ ಹೋಗುತ್ತದೆ? ಕಲ್ಲಿದ್ದಲ ಗಣಿಗೆ, ಅದನ್ನು ಸಾಗಿಸುವ ರೈಲಿಗೆ, ಉಗಿಯಂತ್ರಗಳನ್ನು ಮಾಡಿದ ಕಾರ್ಖಾನೆಗೆ, ಸಾಲ ಕೊಟ್ಟ ಬ್ಯಾಂಕಿನ ಬಡ್ಡಿಗೆ. ದೊಡ್ಡ ಬಂಡವಾಳ, ದೊಡ್ಡ ಯಂತ್ರ, ಅದಕ್ಕೆ ಹೋಲಿಸಿದರೆ ಸ್ವಲ್ಪವೇ ಜನ. ಅದೇ ರೂಪಾಯಿಯನ್ನು ಛಾವಣಿಯ ದುರಸ್ತಿಗೆ ಕೊಟ್ಟರೆ ಅದರ ಹೆಚ್ಚಿನ ಪಾಲು ಗೌಂಡಿಗೆ, ಬಡಗಿಗೆ, ಬಣ್ಣ ಬಳಿಯುವವನಿಗೆ, ತಂತಿ ಕೆಲಸದವನಿಗೆ ಕೂಲಿಯಾಗಿ ಸಲ್ಲುತ್ತದೆ. ಇವರು ಊರಿನವರೇ. ನಮ್ಮ ಊರಿನ ಛಾವಣಿಯನ್ನು ಬೇರೊಂದು ದೇಶಕ್ಕೆ ಕಳುಹಿಸಿ ದುರಸ್ತಿಮಾಡಿಸಿ ತರಿಸಿಕೊಳ್ಳಲಾಗದಷ್ಟೆ. ಕೆಲಸ ಮುಗಿದ ತರುವಾಯ ವರ್ಷವರ್ಷವೂ ಉಳಿಯುವ ಹಣವೂ ಊರಿನ ಅಂಗಡಿಯಲ್ಲಿಯೇ ಖರ್ಚಾಗುತ್ತದೆ. ಒಂದು ಕಟ್ಟಡದ ದುರಸ್ತಿ ಕೆಲವು ವಾರಗಳಲ್ಲಿ ಮುಗಿಯುವುದರಿಂದ ಅದು ಶಾಶ್ವತವಾದ ಉದ್ಯೋಗವಲ್ಲವೆಂದು ಯಾರಾದರೂ ಹೇಳಬಹುದು. ಹೌದು, ಆದರೆ ಕಟ್ಟಡಗಳು ಒಂದೆರಡಲ್ಲ.

ಅಮೆರಿಕ ಸರಕಾರವು ಇದನ್ನು ಬಹುಕಾಲದಿಂದ ಪ್ರಯೋಗಿಸಿ ನೋಡಿದೆ. ೧೯೭೩ರಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯನ್ನು ತಡೆಹಿಡಿದುದರಿಂದ ಅಲ್ಲಿ ಇಂಧನದ ಬೆಲೆ ಏರಿ, ಬಡವರ ಮನೆಗಳು ಚಳಿಗಾಲದಲ್ಲಿ ತತ್ತರಿಸಿದುವು. ೧೯೭೬ರಲ್ಲಿ ಬಡವರ ಮನೆಗಳನ್ನು ಸರಕಾರದ ಖರ್ಚಿನಿಂದಲೇ ದುರಸ್ತಿಮಾಡಿಸುವ ಯೋಜನೆ ಆರಂಭವಾಯಿತು. ಮೊದಮೊದಲು ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸುವುದು, ಸಂದಿಗಳಿಗೆ ಮೆತ್ತುವುದು ಇಷ್ಟೇ ನಡೆಯಿತು. ಹಾಳೆ ಒಂದೆರಡು ವರ್ಷಗಳಲ್ಲಿ ಹರಿಯುತ್ತಿತ್ತು. ಕ್ರಮೇಣ ತರಬೇತಿ ಪಡೆದ ತಂಡಗಳು ಬಂದುವು. ಅವರಲ್ಲಿ ಒಂದು ಸೊಗಸಾದ ಪರೀಕ್ಷೆಯುಂಟು. ಮನೆಯ ಮುಂಬಾಗಿಲಿಗೆ ದೊಡ್ಡ ಪಂಖವೊಂದನ್ನು ಬಿಗಿದು ಒಳಗಿನ ಗಾಳಿಯನ್ನು ಹೊರಕ್ಕೆ ಹೀರುತ್ತಾರೆ. ಆಗ ಎಲ್ಲೆಲ್ಲಿ ಬಿರುಕಿದೆಯೋ ಅಲ್ಲಲ್ಲಿಂದ ಹೊರಗಾಳಿ ಸುಯ್ಯನೆ ಒಳನುಗ್ಗುತ್ತದೆ. ಅಂಗೈ ಒಡ್ಡಿದರೆ ಬಿರುಕಿನ ನೆಲೆ ತಿಳಿಯುತ್ತದೆ. ೨೦೦೯ರಲ್ಲಿ ಅಲ್ಲಿ ಆರ್ಥಿಕ ಕುಸಿತದಿಂದ ನಿರುದ್ಯೋಗ ಏರುತ್ತಿದ್ದಾಗ, ಕಟ್ಟಡದ ಕೆಲಸ ಕಳೆದುಕೊಂಡವರಿಗೆ ಕೆಲಸ ಒದಗಿಸಬೇಕೆಂದು ಸರಕಾರವು ಈ ಯೋಜನೆಗೆ ಒಮ್ಮೆಗೇ ೫೦೦ ಕೋಟಿ ಡಾಲರುಗಳನ್ನು ಕೊಟ್ಟಿತು. ೨೦೧೨ರ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳು ದುರಸ್ತಿಯಾದುವು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಜಾಹೀರಾತಾದೀತೇ ಹೊರತು ಪಾಠವಾಗದು. ಮಿಶಿಗನ್ ಪ್ರಾಂತದಲ್ಲಿ ಇದೇ ಯೋಜನೆಯನ್ನು ಫೌಲಿ, ಗ್ರೀನ್‌ಸ್ಟೋನ್, ವುಲ್ಫ್ರಮ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಸುಮಾರು ೩೦,೦೦೦ ಕುಟುಂಬಗಳನ್ನು ತೆಗೆದುಕೊಂಡು ಪರೀಕ್ಷಿಸಿ ೨೦೧೮ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದುರಸ್ತಿಗೆ ತಗುಲಿದ ವೆಚ್ಚವು ಬಂದ ಉಳಿತಾಯದ ಸುಮಾರು ಇಮ್ಮಡಿಯಾಗಿತ್ತು. ಎಂಜಿನಿಯರುಗಳು ಕಾಗದದ ಮೇಲೆ ಎಣಿಸಿದ್ದ ಉಳಿತಾಯವು ವಾಸ್ತವಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿತ್ತು. ದುರಸ್ತಿಯಾದ ಮೇಲೆ ಜನರು ಮನೆಯನ್ನು ಇನ್ನಷ್ಟು ಬೆಚ್ಚಗೆ ಇಟ್ಟುಕೊಂಡರೇನೋ ಎಂದು ನೋಡಿದರೆ ಅದೂ ಕಾರಣವಲ್ಲ. ಎಣಿಕೆಯೇ ಉಬ್ಬಿತ್ತು. ಎಂಪೈರ್ ಸ್ಟೇಟಿನಲ್ಲಿ ಲೆಕ್ಕ ಕೂಡಿಬಂದು ಮಿಶಿಗನ್ನಿನ ಮನೆಗಳಲ್ಲಿ ಕೂಡಿಬಾರದುದಕ್ಕೆ ನಾವು ಊಹಿಸುವ ಕಾರಣಗಳು ಎರಡು. ಮೊದಲನೆಯದರಲ್ಲಿ ಹೇಗೂ ಮಾಡಬೇಕಾಗಿದ್ದ ದುರಸ್ತಿಯ ಜೊತೆಯಲ್ಲಿ ಇದನ್ನೂ ಸೇರಿಸಿದ್ದರು, ಅಲ್ಲದೆ ಹೊಣೆ ಹೊತ್ತವನೊಬ್ಬನಿದ್ದನು. ಎರಡನೆಯದರಲ್ಲಿ ಈ ಎರಡೂ ಇರಲಿಲ್ಲ. ಬಡವರ ಮನೆ ಬೆಚ್ಚಗಾದುದು ಹಣದಲ್ಲಿ ಅಳೆಯಬಾರದ ಉಪಕಾರವೇ ಸರಿ. ಆದರೆ ಉಳಿತಾಯದ ಹೆಸರಿನಲ್ಲಿ ಮಾಡಿದ ಕೆಲಸವನ್ನು ಉಳಿತಾಯದ ಅಳತೆಗೋಲಿನಿಂದಲೇ ಅಳೆಯತಕ್ಕದ್ದು. ಉಳಿತಾಯವಿಲ್ಲದೆ ಬರಿಯ ಕೂಲಿಗಾಗಿ ಮಾಡಿದ ದುರಸ್ತಿಗೂ, ಗುಂಡಿ ತೋಡಿ ಅದನ್ನೇ ಮುಚ್ಚುವ ಕೆಲಸಕ್ಕೂ ಹೆಚ್ಚು ಭೇದವಿಲ್ಲ.

ಉದ್ಯೋಗದ ಅವಸರವು ಇದಕ್ಕಿಂತಲೂ ಘೋರವಾದ ಫಲವನ್ನು ಕೊಟ್ಟ ಉದಾಹರಣೆ ಆಸ್ಟ್ರೇಲಿಯದಲ್ಲುಂಟು. ಅಲ್ಲಿನ ಕೇಂದ್ರ ಸರಕಾರವು ೨೦೦೯ರಲ್ಲಿ, ಅದೇ ಆರ್ಥಿಕ ಕುಸಿತದ ಕಾಲದಲ್ಲಿ, ಮನೆಗಳ ಅಟ್ಟಕ್ಕೆ ಉಷ್ಣ ತಡೆಯುವ ಹೊದಿಕೆ ಹಾಕಿಸುವ ಯೋಜನೆಯನ್ನು ಹೊರಡಿಸಿತು. ಹಣ ಧಾರಾಳ, ಕೆಲಸ ಬೇಗನೆ ಆಗಬೇಕು. ರಾತ್ರಿ ಬೆಳಗಾಗುವುದರೊಳಗೆ ಗುತ್ತಿಗೆದಾರರು ಹುಟ್ಟಿಕೊಂಡರು. ಅನುಭವವಿಲ್ಲದ ಹುಡುಗರನ್ನು ಅಟ್ಟ ಹತ್ತಿಸಿದರು. ಕೆಲವೆಡೆ ಹೊದಿಕೆಯು ಲೋಹದ ಹಾಳೆಯದಾಗಿತ್ತು; ಅದನ್ನು ಜೋಡಿಸುವ ಕೊಕ್ಕೆಮೊಳೆಯೂ ಲೋಹದ್ದೇ. ಮೊಳೆಯು ಅಡಗಿದ್ದ ವಿದ್ಯುತ್ತಂತಿಯನ್ನು ಚುಚ್ಚಿದಾಗ ಹಾಳೆಯೆಲ್ಲ ವಿದ್ಯುನ್ಮಯವಾಯಿತು. ನಾಲ್ವರು ತರುಣರು ಸತ್ತರು: ಮೂವರು ವಿದ್ಯುದಾಘಾತದಿಂದ, ಒಬ್ಬನು ಅಟ್ಟದ ಅತಿಯಾದ ಸೆಖೆಯಿಂದ. ಅವರಲ್ಲಿ ಒಬ್ಬನಿಗೆ ಹದಿನಾರು ವರ್ಷ. ನಮ್ಮ ಹತ್ತನೆಯ ತರಗತಿಯ ಬೆಂಚಿನಲ್ಲಿ ಕೂರುವ ವಯಸ್ಸು! ಹಲವು ಮನೆಗಳಿಗೆ ಬೆಂಕಿಯೂ ತಗುಲಿತು. ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹೊದಿಕೆ ಹಾಕಿದ ಬಳಿಕ ೨೦೧೦ನೆಯ ಫೆಬ್ರವರಿಯಲ್ಲಿ ಯೋಜನೆಯನ್ನು ನಿಲ್ಲಿಸಬೇಕಾಯಿತು. ೨೦೧೪ರಲ್ಲಿ ವಿಚಾರಣಾ ಆಯೋಗವು ತನ್ನ ವರದಿಯಲ್ಲಿ ಸರಕಾರದ ಅವಸರವನ್ನೂ ತರಬೇತಿಯ ಅಭಾವವನ್ನೂ ಕಟುವಾಗಿ ಖಂಡಿಸಿತು. ಉದ್ಯೋಗ ಸೃಷ್ಟಿಯ ಅಂಕೆಗಳನ್ನು ಓದುವಾಗಲೆಲ್ಲ ಈ ನಾಲ್ವರನ್ನು ನೆನೆಯುವುದು ನಮ್ಮಂಥ ಉಪಾಧ್ಯಾಯರ ಕರ್ತವ್ಯ. ಶಾಲೆಯಿಂದ ಹೊರಬಿದ್ದ ಹುಡುಗನಿಗೆ ಕೆಲಸ ಸಿಕ್ಕಿತೆಂದು ಹಿಗ್ಗುವವರೂ ನಾವೇ. ಆ ಕೆಲಸವನ್ನು ಅವನಿಗೆ ಯಾರಾದರೂ ಕಲಿಸಿದರೇ ಎಂದು ಕೇಳಬೇಕಾದವರೂ ನಾವೇ.

ಈಗ ನಮ್ಮ ಸೀಮೆಗೆ ಬರೋಣ. ಸೋಲಾಪುರ, ಅಕ್ಕಲಕೋಟೆ, ಜತ್ತ ಕಡೆ ಹಿಮವಿಲ್ಲ. ಬೇಸಗೆಯಲ್ಲಿ ೪೦ ಡಿಗ್ರಿ ದಾಟುವ ಬಿಸಿಲುಂಟು. ಆದುದರಿಂದ ನ್ಯೂಯಾರ್ಕಿನ ಕಿಟಕಿಯ ಸ್ಥಾನದಲ್ಲಿ ನಮಗೆ ಇರುವುದು ಛಾವಣಿ. ನಮ್ಮ ಹಿರಿಯರ ಮಾಳಿಗೆಮನೆಗಳಲ್ಲಿ ಮರದ ತೊಲೆ ಜಂತೆಗಳ ಮೇಲೆ ಮೊಳದುದ್ದ ಮಣ್ಣು ಹಾಸುತ್ತಿದ್ದರು. ಹಗಲಿನ ಕಾವು ಆ ಮಣ್ಣನ್ನು ದಾಟಿ ಕೆಳಗಿಳಿಯುವಷ್ಟರಲ್ಲಿ ಸಂಜೆಯಾಗುತ್ತಿತ್ತು. ರಾತ್ರಿಯ ಗಾಳಿಗೆ ಅದು ಪುನಃ ಆರುತ್ತಿತ್ತು. ಇಂದು ಶಾಲೆಗಳ ಮೇಲೆ ಇರುವುದು ತಗಡು, ಇಲ್ಲವೇ ನಾಲ್ಕೈದು ಅಂಗುಲ ದಪ್ಪದ ಕಾಂಕ್ರೀಟು. ತಗಡಿನ ಕೆಳಗೆ ಮಧ್ಯಾಹ್ನದ ಎರಡನೆಯ ಅವಧಿಯಲ್ಲಿ ಬೀಜಗಣಿತ ಕಲಿಸಿದವರಿಗೆ ಇದರ ಅರ್ಥ ತಿಳಿದಿದೆ. ಪಂಖವು ಕಾದ ಗಾಳಿಯನ್ನೇ ಕಲಕುತ್ತದೆ.

ಇದಕ್ಕೆ ಅಗ್ಗದ ಉಪಾಯ ಸುಣ್ಣ. ಕಪ್ಪು ಛಾವಣಿ ಬಿಸಿಲನ್ನು ನುಂಗುತ್ತದೆ, ಬಿಳಿಯ ಛಾವಣಿ ಬಹುಭಾಗವನ್ನು ಆಕಾಶಕ್ಕೆ ಹಿಂದಿರುಗಿಸುತ್ತದೆ. ಕೆಳಗಿನ ಕೊಠಡಿ ಕೆಲವು ಡಿಗ್ರಿ ತಂಪಾಗುತ್ತದೆ. ಅಹಮದಾಬಾದಿನಲ್ಲಿ ೨೦೧೦ರ ಉರಿಬಿಸಿಲಿಗೆ ಬಹಳ ಜನ ಸತ್ತ ತರುವಾಯ ನಗರಸಭೆಯವರು ೨೦೧೩ರಲ್ಲಿ ಬಿಸಿಲನ್ನೆದುರಿಸುವ ಯೋಜನೆಯನ್ನು ಸಿದ್ಧಪಡಿಸಿ, ೨೦೧೭ರಲ್ಲಿ ಬಡವರ ಬಡಾವಣೆಗಳ ಛಾವಣಿಗಳಿಗೆ ಬಿಳಿಯ ಬಣ್ಣ ಬಳಿಸುವ ಕೆಲಸಕ್ಕೆ ಕೈಹಾಕಿದರು. ನಮ್ಮ ನೆರೆಯ ತೆಲಂಗಾಣವು ೨೦೨೩ರಲ್ಲಿ ತಂಪು ಛಾವಣಿಗಳ ನೀತಿಯನ್ನೇ ಪ್ರಕಟಿಸಿ, ಐದಾರು ವರ್ಷಗಳಲ್ಲಿ ೩೦೦ ಚದರ ಕಿಲೋಮೀಟರಿನಷ್ಟು ಛಾವಣಿಯನ್ನು ಬಿಳುಪಾಗಿಸುವ ಗುರಿಯಿಟ್ಟುಕೊಂಡಿತು. ಆ ರಾಜ್ಯದ ಪಶ್ಚಿಮ ಅಂಚಿನ ಕನ್ನಡ ಶಾಲೆಗಳು ಈ ನೀತಿಯನ್ನು ಓದಿಕೊಂಡು ತಮ್ಮ ಪಾಲನ್ನು ಕೇಳುವುದು ಒಳ್ಳೆಯದು. ಸುಣ್ಣಕ್ಕೆ ಅಂಟು ಬೆರಸಿ ಎರಡು ಸಲ ಬಳಿಯಬೇಕು. ಮಳೆಗೆ ತೊಳೆದುಹೋಗುವುದರಿಂದಲೂ ಧೂಳು ಕೂರುವುದರಿಂದಲೂ ವರ್ಷಕ್ಕೊಮ್ಮೆ, ಶಿವರಾತ್ರಿಯ ಆಸುಪಾಸಿನಲ್ಲಿ, ಪುನಃ ಬಳಿಯಬೇಕು. ಅಂದರೆ ವರ್ಷಕ್ಕೊಮ್ಮೆ ಯಾರಿಗೋ ಕೂಲಿ. ತಗಡಿನ ಕೊಠಡಿಗಳಲ್ಲಿ ಒಂದೆರಡು ಗೇಣು ಕೆಳಗೆ ಬಿದಿರಿನ ತಟ್ಟಿಯನ್ನು ಅಡ್ಡ ಕಟ್ಟಿದರೆ ನಡುವಣ ಗಾಳಿಯ ಪದರವೂ ತಡೆಯಾಗುತ್ತದೆ. ಬೆಂಕಿಯ ಭಯವಿರುವಲ್ಲಿ ಮಾತ್ರ ತಟ್ಟಿ ಸಲ್ಲದು.

ದೀಪದ ಸಂಗತಿಯನ್ನು ಬೇಗ ಮುಗಿಸಬಹುದು, ಏಕೆಂದರೆ ಅದು ಬಹುಮಟ್ಟಿಗೆ ಗೆದ್ದ ಯುದ್ಧ. ೨೦೧೪ರಲ್ಲಿ ಸರಕಾರದ ಸಗಟು ಖರೀದಿಗೆ ೩೧೦ ರೂಪಾಯಿ ಇದ್ದ ಎಲ್‌ಇಡಿ ಬಲ್ಬು, ಕೋಟಿಗಟ್ಟಲೆ ಒಟ್ಟಿಗೆ ಕೊಂಡುದರಿಂದ ಎರಡೇ ವರ್ಷಗಳಲ್ಲಿ ೪೦ ರೂಪಾಯಿಗಿಂತ ಕೆಳಗಿಳಿಯಿತು. ೨೦೧೫ನೆಯ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ ಹಂಚಿದ ಬಲ್ಬುಗಳು ೩೬ ಕೋಟಿಗೂ ಹೆಚ್ಚು. ಒಟ್ಟಿಗೆ ಕೊಂಡರೆ ಬೆಲೆ ಇಳಿಯುವುದೆಂಬ ಈ ತತ್ತ್ವವನ್ನು ನಾಲ್ಕಾರು ಶಾಲೆಗಳು ಕೂಡಿಕೊಂಡರೆ ನಾವೂ ಸಣ್ಣ ಪ್ರಮಾಣದಲ್ಲಿ ಬಳಸಿಕೊಳ್ಳಬಹುದು.

ಪಂಖದ ಲೆಕ್ಕದಲ್ಲಿ ಮಾತ್ರ ವಿದ್ಯಾರ್ಥಿಗಳು ಜಾಗರೂಕರಾಗಿರಬೇಕು. ಹಳೆಯ ಪಂಖವು ಸುಮಾರು ೭೫ ವಾಟ್ ತೆಗೆದುಕೊಂಡರೆ, ಈಗ ಬಂದಿರುವ ಬ್ರಷ್ ಇಲ್ಲದ ಮೋಟಾರಿನ ಪಂಖವು ಸುಮಾರು ೩೦ ವಾಟ್ ತೆಗೆದುಕೊಳ್ಳುತ್ತದೆ. ಉಳಿತಾಯ ೪೫ ವಾಟ್. ಶಾಲೆಯಲ್ಲಿ ದಿನಕ್ಕೆ ೬ ಗಂಟೆ, ವರ್ಷಕ್ಕೆ ೨೦೦ ದಿನ ಎಂದು ಹಿಡಿದರೆ ೧,೨೦೦ ಗಂಟೆ. ಆಗ ವರ್ಷಕ್ಕೆ ೫೪ ಯೂನಿಟ್ ಉಳಿಯುತ್ತದೆ. ಯೂನಿಟ್ಟಿಗೆ ೮ ರೂಪಾಯಿ ಎಂದಿಟ್ಟುಕೊಂಡರೆ ೪೩೨ ರೂಪಾಯಿ. ಹೊಸ ಪಂಖದ ಬೆಲೆ ೩,೦೦೦ ರೂಪಾಯಿಯಾದರೆ ಅದು ಹಿಂದಿರುಗಲು ಸುಮಾರು ಏಳು ವರ್ಷ ಬೇಕು. ಅದೇ ಪಂಖವು ದಿನಕ್ಕೆ ೧೫ ಗಂಟೆಯಂತೆ ೩೦೦ ದಿನ ತಿರುಗುವ ವಿದ್ಯಾರ್ಥಿನಿಲಯದಲ್ಲಾದರೆ ಉಳಿತಾಯ ೨೦೨.೫ ಯೂನಿಟ್, ಅಂದರೆ ೧,೬೨೦ ರೂಪಾಯಿ. ಎರಡು ವರ್ಷದೊಳಗೆ ಬಂಡವಾಳ ಕೈಸೇರುತ್ತದೆ. ಇನ್ನು ತರಗತಿಯ ಹಳೆಯ ಪಂಖವು ತಾನಾಗಿ ಸುಟ್ಟುಹೋಗಿ, ಹೇಗೂ ೧,೬೦೦ ರೂಪಾಯಿಯ ಸಾಮಾನ್ಯ ಪಂಖವನ್ನಾದರೂ ಕೊಳ್ಳಲೇಬೇಕಾಯಿತೆನ್ನಿ. ಆಗ ಎಣಿಸಬೇಕಾದುದು ಹೆಚ್ಚಿನ ೧,೪೦೦ ರೂಪಾಯಿಯನ್ನು ಮಾತ್ರ. ಅದು ಮೂರು ಕಾಲು ವರ್ಷದಲ್ಲಿ ಹಿಂದಿರುಗುತ್ತದೆ. ನ್ಯೂಯಾರ್ಕಿನ ಮಾಲೀಕರು ೯ ಕೋಟಿ ೩೦ ಲಕ್ಷಕ್ಕೆ ೧ ಕೋಟಿ ೩೨ ಲಕ್ಷವನ್ನು ಕೂಡಿಸಿದುದೂ ಇದೇ ಲೆಕ್ಕದಿಂದಲೇ. ಬೆಲೆಗಳು ಊರಿಂದೂರಿಗೆ ಬೇರೆ. ನಿಮ್ಮ ಊರಿನ ದರವನ್ನು ಹಾಕಿ ಪುನಃ ಎಣಿಸಿರಿ.

ಆದುದರಿಂದ ನಮ್ಮ ಅಭಿಪ್ರಾಯ ಹೀಗಿದೆ. ಗಡಿಭಾಗದ ಅನೇಕ ಸಂಘಗಳ ಸಭೆಗಳಲ್ಲಿ ಹಳೆಯ ಕಲ್ಲಿನ ಶಾಲೆಯನ್ನು ಕೆಡವಿ ಹೊಸ ಕಾಂಕ್ರೀಟು ಕಟ್ಟಡವನ್ನು ಎಬ್ಬಿಸುವ ಮಾತು ಏಳುತ್ತಿರುತ್ತದೆ. ಅಡಿಪಾಯ ಕುಸಿದಿದ್ದರೆ, ತೊಲೆ ಮುರಿದಿದ್ದರೆ ಕೆಡವಲೇಬೇಕು. ಮಕ್ಕಳ ತಲೆಯ ಮೇಲೆ ಮಿತವ್ಯಯ ಮಾಡಲಾಗದು. ಆದರೆ ಬರಿಯ ಹಳತೆಂಬ ಕಾರಣಕ್ಕೆ ಎರಡಡಿ ದಪ್ಪದ ಕಲ್ಲಿನ ಗೋಡೆಯನ್ನು ಕೆಡವುವ ಮುನ್ನ, ಅದರ ಬದಲಿಗೆ ಬರುವ ತೆಳುಗೋಡೆಯ ಕೊಠಡಿಗೆ ಎಷ್ಟು ಪಂಖ ಬೇಕಾದೀತು, ಅದರ ಬಿಲ್ಲನ್ನು ಮುಂದಿನ ಮೂವತ್ತು ವರ್ಷ ಯಾರು ಕಟ್ಟುವರು ಎಂಬ ಪ್ರಶ್ನೆಯನ್ನು ಕಾರ್ಯಕಾರಿ ಮಂಡಲಿಯವರು ನಡಾವಳಿಯಲ್ಲಿ ಬರೆಯಿಸಬೇಕು. ಇಲ್ಲಿ ಒಂದು ಮಾತನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ಹೊಸ ಕೊಠಡಿಗೆ ದಾನಿಗಳು ಸಿಗುತ್ತಾರೆ, ಏಕೆಂದರೆ ಅದರ ಬಾಗಿಲ ಮೇಲೆ ಹೆ��ರಿನ ಕಲ್ಲು ಕೂರುತ್ತದೆ. ಛಾವಣಿಗೆ ಬಳಿದ ಸುಣ್ಣದ ಮೇಲೆ ಯಾರ ಹೆಸರನ್ನು ಕೆತ್ತೋಣ? ಶಾಸನ ಬರೆಯಿಸಿದ ಹಿರಿಯರು ದುರಸ್ತಿಯ ದಾನವನ್ನೂ ಕಲ್ಲಿನಲ್ಲಿಯೇ ಕಂಡರಿಸುತ್ತಿದ್ದರು. ನಮ್ಮ ವಾರ್ಷಿಕ ಸಂಚಿಕೆಯ ದಾನಿಗಳ ಪಟ್ಟಿಯಲ್ಲಿ ‘ಜೀರ್ಣೋದ್ಧಾರ ನಿಧಿ’ ಎಂಬ ಒಂದು ತಲೆಬರಹವನ್ನು ಸೇರಿಸುವುದಕ್ಕೆ ಮುದ್ರಣಾಲಯದವರು ಹೆಚ್ಚು ಹಣ ಕೇಳಲಾರರು.

ಕೆಲಸಗಾರರ ವಿಷಯದಲ್ಲಿಯೂ ಒಂದು ಸೂಚನೆ. ಕೇಂದ್ರ ಸರಕಾರವು ೨೦೦೧ರ ಶಕ್ತಿ ಸಂರಕ್ಷಣಾ ಕಾಯಿದೆಯ ಮೇರೆಗೆ ೨೦೦೨ರಲ್ಲಿ ಶಕ್ತಿ ದಕ್ಷತೆಯ ಬ್ಯೂರೋವನ್ನು ಸ್ಥಾಪಿಸಿತು. ಪಂಖ, ತಂಪುಪೆಟ್ಟಿಗೆಗಳ ಮೇಲೆ ನಾವು ಕಾಣುವ ನಕ್ಷತ್ರದ ಚೀಟಿ ಇದರದೇ. ಕಟ್ಟಡಗಳ ಶಕ್ತಿಯ ಲೆಕ್ಕವನ್ನು ಪರಿಶೋಧಿಸುವವರಿಗಾಗಿ ಇದು ಪರೀಕ್ಷೆಯನ್ನೂ ನಡೆಸುತ್ತದೆ; ಎಂಜಿನಿಯರಿಂಗ್ ಓದಿದ ನಮ್ಮ ಹಳೆಯ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಐ.ಟಿ.ಐ.ಯಲ್ಲಿ ತಂತಿ ಕೆಲಸ ಕಲಿತು ಪರವಾನಗಿ ಪಡೆದ ಹುಡುಗರು ಪ್ರತಿಯೊಂದು ಊರಿನಲ್ಲಿಯೂ ಒಬ್ಬಿಬ್ಬರಿದ್ದಾರೆ; ಅವರು ಕೆಲಸವಿಲ್ಲದೆ ಪುಣೆಯ ದಾರಿ ಹಿಡಿಯುತ್ತಿದ್ದಾರೆ. ಶಾಲೆಯ ತಂತಿಗಳನ್ನು ಬದಲಿಸುವಾಗ ಅಗ್ಗಕ್ಕೆ ಸಿಕ್ಕಿದವನನ್ನಲ್ಲ, ಪರವಾನಗಿಯುಳ್ಳ ನಮ್ಮ ಊರಿನವನನ್ನೇ ಕರೆಯತಕ್ಕದ್ದು; ಮೊದಲು ಮುಖ್ಯ ಗುಂಡಿಯನ್ನು ಆರಿಸಿದ ಹೊರತು ಯಾರನ್ನೂ ಅಟ್ಟ ಹತ್ತಗೊಡಿಸಕೂಡದು.

ಒಂದು ರೂಪಾಯಿಯೂ ಬೇಡದ ಕೆಲಸವನ್ನು ಈ ಜೂನಿನಿಂದಲೇ ಆರಂಭಿಸಬಹುದು. ಪ್ರತಿ ಸೋಮವಾರ ಪ್ರಾರ್ಥನೆಯಾದ ಕೂಡಲೆ ಒಂಬತ್ತನೆಯ ತರಗತಿಯ ಇಬ್ಬರು ವಿದ್ಯಾರ್ಥಿಗಳು ಶಾಲೆಯ ಮೀಟರಿನ ಅಂಕೆಯನ್ನು ಓದಿ ಒಂದು ವಹಿಯಲ್ಲಿ ಬರೆಯಲಿ. ಜೊತೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ತಗಡಿನ ಕೊಠಡಿಯ ಮತ್ತು ಕಲ್ಲಿನ ಕೊಠಡಿಯ ಉಷ್ಣಮಾನವನ್ನು ಪ್ರಯೋಗಶಾಲೆಯ ಉಷ್ಣಮಾಪಕದಿಂದ ಅಳೆದು ಬರೆಯಲಿ. ಸುಣ್ಣ ಬಳಿಯುವ ಮುಂಚಿನ ಒಂದು ವರ್ಷದ ಅಂಕೆಗಳು ಕೈಯಲ್ಲಿದ್ದರೆ, ಬಳಿದ ಮೇಲಿನ ವರ್ಷದ ಅಂಕೆಗಳನ್ನು ಅವುಗಳ ಪಕ್ಕದಲ್ಲಿಟ್ಟು ನೋಡಬಹುದು.